ನೋಡದೆ ಒಗೆದ ಜೇಬು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರ ಬಾಯಲ್ಲಿ ಕೇಳಿದರೆ ಸಿಟ್ಟು ಬರುತ್ತದೆ. ಹಾಗಂತ ಪಕ್ಕದ ಮನೆಯ ಫ್ರಿಜ್ಜಿನ ಮೇಲಾಗಲಿ, ನಮ್ಮಕ್ಕನ ಹೊಸ ಸೋಫಾದ ಮೇಲಾಗಲಿ ನನಗೆ ಕಣ್ಣಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಒಬ್ಬರಿಗೇ ಮೀಸಲು. ಅವರು ನನ್ನ ಗಂಡ, ಹನ್ನೆರಡು ವರ್ಷದಿಂದ ನನ್ನ ಜೊತೆ ಬಾಳುತ್ತಿರುವ ಲಿಫ್ಟ್ ಮೆಕ್ಯಾನಿಕ್ಕು. ಇವರ ಕಡೆ ಯಾರಾದರೂ ಎರಡು ಸಲ ನೋಡಿದರೆ, ಮೂರನೇ ಸಲ ನೋಡುವವಳು ನಾನು. ಇವರನ್ನಲ್ಲ, ನೋಡಿದವರನ್ನು.

ನಾನು ಕೆಲಸ ಮಾಡುವುದು ಒಂದು ಲಾಂಡ್ರಿಯಲ್ಲಿ. ಹಿಂದಿನ ಕೋಣೆಯಲ್ಲಿ ನಾಲ್ಕು ದೊಡ್ಡ ಮಿಷನ್ನು, ಒಣಗಿಸುವುದಕ್ಕೆ ಎರಡು ಡ್ರಮ್ಮು, ಕಿಟಕಿಯ ಕೆಳಗೆ ಇಸ್ತ್ರಿಯ ಮೇಜು. ನನ್ನ ಜಾಗ ಬಾಗಿಲ ಪಕ್ಕದ ಉದ್ದ ಬೆಂಚು. ಬಂದ ಬಟ್ಟೆಯೆಲ್ಲ ಮೊದಲು ನನ್ನ ಕೈಗೇ ಬರಬೇಕು. ಜೇಬು ನೋಡುವುದು, ಕಲೆ ನೋಡುವುದು, ನಂಬರಿನ ಚೀಟಿ ಕಟ್ಟುವುದು, ಆಮೇಲೆ ಮಿಷನ್ನಿಗೆ. ಜೇಬಿನಲ್ಲಿ ಸಿಕ್ಕಿದ್ದನ್ನು ಲಕೋಟೆಯಲ್ಲಿಟ್ಟು ಗಿರಾಕಿಗೆ ವಾಪಸು ಕೊಡಬೇಕು, ಓದಬಾರದು. ಇದು ನಮ್ಮ ಯಜಮಾನರ ಕಾನೂನು. ಓದಬಾರದು ಎಂಬ ಭಾಗವನ್ನು ನಾನು ಪಾಲಿಸಿದ್ದೇನೆ ಎಂದು ಆಣೆ ಮಾಡಲಾರೆ. ಎದುರು ಬೀದಿಯ ಹಲ್ಲಿನ ಡಾಕ್ಟರಿಗೆ ಸಕ್ಕರೆ ಕಾಯಿಲೆ ಇರುವುದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಜೇಬು ನನ್ನ ಕೈ ತಪ್ಪಿಸಿಕೊಂಡು ಮಿಷನ್ನಿಗೆ ಹೋದದ್ದಿಲ್ಲ. ಹೋಗಿರಲಿಲ್ಲ ಎನ್ನಬೇಕು.

ಇವರ ಕಂಪನಿಯ ಸಮವಸ್ತ್ರಗಳೂ ನಮ್ಮಲ್ಲಿಗೇ ಬರುತ್ತವೆ. ಕಡುನೀಲಿ ಅಂಗಿ, ಕಡುನೀಲಿ ಪ್ಯಾಂಟು, ವಾರಕ್ಕೆರಡು ಸಲ ಮೂವತ್ತು ಜೋಡಿ. ಅದರಲ್ಲಿ ಇವರದು ಯಾವುದೆಂದು ಗ್ರೀಸಿನ ಕಲೆ ನೋಡಿಯೇ ಹೇಳಬಲ್ಲೆ. ಇವರಿಗೆ ಮಾತು ಬರುವುದಿಲ್ಲ. ಲಿಫ್ಟಿನ ವಿಷಯ ಎತ್ತಿದರೆ ಅರ್ಧ ಗಂಟೆ ಮಾತಾಡುತ್ತಾರೆ, ಮನಸ್ಸಿನ ಮಾತು ಮಾತ್ರ ಗಂಟಲು ದಾಟುವುದಿಲ್ಲ. ಹಾಗಾಗಿ ಮದುವೆಯಾದ ಹೊಸತರಲ್ಲೇ ಒಂದು ಉಪಾಯ ಕಂಡುಕೊಂಡರು. ಬಾಯಲ್ಲಿ ಹೇಳಲಾಗದ್ದನ್ನು ಅಂಗಿಯ ಎಡಜೇಬಿನಲ್ಲಿಟ್ಟು ಲಾಂಡ್ರಿಗೆ ಕಳಿಸುವುದು. ಮೊದಲ ಜಗಳದ ಮಾರನೆಯ ದಿನ ಒಂದು ಚೀಟಿ ಸಿಕ್ಕಿತು: ‘ತಪ್ಪು ನನ್ನದೇ. ಅಡುಗೆ ಚೆನ್ನಾಗಿತ್ತು.’ ನನ್ನ ಹುಟ್ಟಿದ ದಿನ ಮರೆತ ವರ್ಷ ಎರಡು ಸಿನಿಮಾ ಟಿಕೆಟ್ಟು. ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ ಎಂದು ಡಾಕ್ಟರು ಹೇಳಿದ ವಾರ, ಏನೂ ಬರೆಯದ ಒಂದು ಬಿಳಿ ಹಾಳೆ, ನಾಲ್ಕಾಗಿ ಮಡಿಸಿದ್ದು. ಜೇಬಿನ ಟಪಾಲು ಎಂದು ನಾನು ಅದಕ್ಕೆ ಹೆಸರಿಟ್ಟಿದ್ದೆ, ಮನಸ್ಸಿನಲ್ಲೇ. ಮನೆಯಲ್ಲಿ ಇಬ್ಬರೂ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

ಇವರು ಜೈಲಿಗೆ ಹೋಗಿ ಬಂದವರೆಂದು ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಇನ್ನಿಬ್ಬರ ಜೊತೆ ಸೇರಿ ಗೋದಾಮು ಒಡೆದು ತಾಮ್ರದ ತಂತಿ ಕದ್ದ ಕೇಸು, ಹನ್ನೊಂದು ತಿಂಗಳ ಶಿಕ್ಷೆ. ಮಾತುಕತೆ ಪಕ್ಕಾ ಆಗುವ ಮೊದಲು ನನ್ನನ್ನು ಪಾರ್ಕಿನ ಬೆಂಚಿನ ಮೇಲೆ ಕೂರಿಸಿ, ಬೆವರು ಒರೆಸಿಕೊಳ್ಳುತ್ತಾ, “ಅವತ್ತು ಏನಾಯ್ತು ಅಂತ ಪೂರ್ತಿ ಹೇಳ್ಬಿಡ್ತೀನಿ” ಎಂದರು. ನಾನು ಕೈ ಅಡ್ಡ ಹಿಡಿದು, “ಬೇಡ. ಹಿಂದಿನದ್ದೇನೂ ನಂಗೆ ಬೇಕಾಗಿಲ್ಲ. ಇನ್ಯಾವತ್ತೂ ಆ ಮಾತು ಎತ್ಬೇಡಿ” ಎಂದೆ. ಎಷ್ಟು ದೊಡ್ಡ ಮನಸ್ಸು! ನನಗೇ ನನ್ನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು.

ಆ ದೊಡ್ಡ ಮನಸ್ಸಿನ ಮೇಲೆ ನಾನು ಹನ್ನೆರಡು ವರ್ಷ ಆರಾಮವಾಗಿ ಕೂತು ಉಂಡೆ. ಅಕ್ಕನ ಮನೆಗೆ ಹೋದರೆ ಅವಳು ನನ್ನ ಬೆನ್ನು ಸವರಿ, “ನೀನಾಗಿದ್ದಕ್ಕೆ ಆಯ್ತಮ್ಮಾ. ಬೇರೆ ಯಾರಾಗಿದ್ರೂ ಅವನನ್ನ ಕಟ್ಕೊಳ್ತಿರ್ಲಿಲ್ಲ” ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದೆ. ಅವಳ ಮನೆಯ ಟೀ ಆಗ ಎಷ್ಟು ರುಚಿಯಾಗಿರುತ್ತಿತ್ತು! ಜಗಳವಾದಾಗ ಒಂದು ದಿನವೂ ಆ ಕೇಸಿನ ಮಾತು ಎತ್ತಿದವಳಲ್ಲ ನಾನು. ಎತ್ತಬೇಕಾಗಿಯೇ ಇರಲಿಲ್ಲ. ಎತ್ತಬಹುದಿತ್ತು, ಎತ್ತಲಿಲ್ಲ ಎಂಬುದು ಇಬ್ಬರಿಗೂ ಕಾಣುವ ಹಾಗೆ ಸುಮ್ಮನಾಗುತ್ತಿದ್ದೆ. ಇವರು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದರು. ಅದಲ್ಲದೆ ಇನ್ನೊಂದು ಧೈರ್ಯವೂ ಇತ್ತು. ಜೈಲಿಗೆ ಹೋಗಿ ಬಂದ ಗಂಡಸಿನ ಮೇಲೆ ಯಾರು ಕಣ್ಣು ಹಾಕುತ್ತಾರೆ? ಹೊಟ್ಟೆಕಿಚ್ಚಿನವಳಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು?

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಒಂದು ಹೊಸ ಕಾನೂನಿನಿಂದ. ಇವರ ಕಂಪನಿಗೆ ದೊಡ್ಡಾಸ್ಪತ್ರೆಯ ಎಂಟು ಲಿಫ್ಟುಗಳ ಗುತ್ತಿಗೆ ಸಿಕ್ಕಿತ್ತು. ಅಲ್ಲಿ ಮುಖ್ಯ ಮೆಕ್ಯಾನಿಕ್ಕಾಗಿ ನಿಲ್ಲಲು ಇವರಷ್ಟು ಕೈ ಪಳಗಿದವರು ಬೇರೆ ಯಾರೂ ಇಲ್ಲ. ಆದರೆ ಆಸ್ಪತ್ರೆ, ಶಾಲೆ, ಬ್ಯಾಂಕು, ಈ ಮೂರು ಕಡೆ ಒಳಗೆ ಹೋಗುವ ಪಾಸು ಬೇಕೆಂದರೆ ಪೊಲೀಸರು ಹಳೆಯ ದಾಖಲೆ ತೆಗೆದು ನೋಡುತ್ತಾರೆ. ಇಷ್ಟು ವರ್ಷವೂ ಅಂಥ ಕಡೆ ಇವರ ಕೈಕೆಳಗೆ ಕಲಿತವರು ಒಳಗೆ ಹೋಗಿ ರಿಪೇರಿ ಮಾಡುತ್ತಿದ್ದರು. ಇವರು ರಸ್ತೆಯಲ್ಲಿ ವ್ಯಾನಿನೊಳಗೆ ಕೂತು ಫೋನಿನಲ್ಲಿ ಹೇಳಿಕೊಡುತ್ತಿದ್ದರು, ಯಾವ ನಟ್ಟು, ಎಷ್ಟು ಸುತ್ತು ಎಂದು. ಹೊಸ ಕಾನೂನಿನ ಪ್ರಕಾರ, ಶಿಕ್ಷೆ ಮುಗಿದು ಹತ್ತು ವರ್ಷ ಬೇರೆ ಕೇಸಿಲ್ಲದೆ ಬದುಕಿದವರು ಅರ್ಜಿ ಕೊಡಬಹುದು. ಕೋರ್ಟು ಒಪ್ಪಿದರೆ ಆ ದಾಖಲೆಯನ್ನು ಮುಚ್ಚಿ ಮೊಹರು ಹಾಕುತ್ತಾರೆ. ಆಮೇಲೆ ಯಾರು ಕೇಳಿದರೂ ಪೊಲೀಸರ ಉತ್ತರ ಒಂದೇ: ಏನೂ ಇಲ್ಲ.

“ಅರ್ಜಿ ಹಾಕ್ತೀನಿ” ಎಂದರು ಒಂದು ಬೆಳಿಗ್ಗೆ, ಬೂಟಿನ ದಾರ ಕಟ್ಟುತ್ತಾ.

“ಹಾಕಿ. ಒಳ್ಳೇದೇ ಅಲ್ವಾ” ಎಂದೆ.

ಬಾಯೇನೋ ಹಾಗೆಂದಿತು. ಮನಸ್ಸು ಬೇರೆಯೇ ಲೆಕ್ಕ ಹಾಕಿತು. ಅಂದರೆ ಇನ್ನು ಇವರೂ ಎಲ್ಲರ ಹಾಗೆ ಒಬ್ಬ ಗಂಡಸು. ನಾನೋ? ದೊಡ್ಡ ಮನಸ್ಸಿನವಳೆಂಬ ಪಟ್ಟ ಹೋಗಿ ಬರೀ ಹೆಂಡತಿಯಾಗುತ್ತೇನೆ. ಊರಲ್ಲಿ ಎಷ್ಟು ಜನ ಹೆಂಡತಿಯರಿಲ್ಲ!

ಅರ್ಜಿಗೆಂದು ಇವರು ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಒಂದು ಕಚೇರಿಗೆ ಹೋಗತೊಡಗಿದರು. ಹದಿನೈದು ದಿನವಾಗಿರಬೇಕು, ಎಡಜೇಬಿನಲ್ಲಿ ಒಂದು ಹಳದಿ ಚೀಟಿ ಸಿಕ್ಕಿತು. ಇವರ ಅಕ್ಷರವಲ್ಲ. ದುಂಡು ದುಂಡಗೆ, ತಲೆ ಬಾಚಿ ಸಾಲಾಗಿ ನಿಲ್ಲಿಸಿದ ಹಾಗಿತ್ತು. ‘ಗುರುವಾರ ಮೂರೂವರೆಗೆ ಬನ್ನಿ. ಈ ಸಲ ಹೆದರಬೇಡಿ.’ ಈ ಸಲ ಎಂದರೆ ಹೋದ ಸಲ ಹೆದರಿದ್ದರು ಎಂದಾಯಿತು. ಯಾರ ಮುಂದೆ? ಈ ದುಂಡು ಅಕ್ಷರದವಳ ಮುಂದೆ. ಹೆಂಗಸಿನ ಅಕ್ಷರವೆಂದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ಗೊತ್ತಾಗುತ್ತದೆ. ಮುಂದಿನ ವಾರ ಇನ್ನೊಂದು: ‘ನಿಮ್ಮ ಬರವಣಿಗೆ ಓದಿದೆ. ನಿದ್ದೆ ಬರಲಿಲ್ಲ. ಒಂದಕ್ಷರವನ್ನೂ ಬದಲಿಸಬೇಡಿ.’ ನನ್ನ ಪಿತ್ತ ನೆತ್ತಿಗೇರಿತು. ಹನ್ನೆರಡು ವರ್ಷದಲ್ಲಿ ನನಗೆ ಎರಡು ಸಾಲಿಗಿಂತ ಹೆಚ್ಚು ಬರೆಯದ ಮನುಷ್ಯ, ಬೇರೆಯವಳ ನಿದ್ದೆ ಕೆಡಿಸುವಷ್ಟು ಬರೆಯುತ್ತಾರೆಂದರೆ?

ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಾತ ಒಬ್ಬರಿದ್ದಾರೆ. ಅವರಿಗೆ ಕಿವಿ ಮಂದ, ಕಣ್ಣು ಚುರುಕು.

“ಏನಮ್ಮಾ, ಇವತ್ತು ನಿನ್ನ ಮುಖದ ಮೇಲೇ ಇಸ್ತ್ರಿ ಉಜ್ಜಬಹುದು, ಅಷ್ಟು ಕಾವಿದೆ” ಎಂದರು.

“ನಮ್ಮನೆಯವರಿಗೆ ಯಾರೋ ಚೀಟಿ ಬರೀತಾಳೆ ತಾತ.”

“ನಿನ್ನ ಕೈಗೇ ಸಿಗೋ ಜೇಬಲ್ಲಿ ಇಟ್ಟು ಕಳಿಸ್ತಾನೆ ಅಂದ್ರೆ ಅವನು ಕಳ್ಳನೇ ಅಲ್ಲ ಬಿಡು.”

“ಕಳ್ಳರೇ ತಾತ. ಕೋರ್ಟಲ್ಲೇ ರುಜುವಾತಾಗಿದೆ” ಎಂದುಬಿಟ್ಟೆ.

ನಾಲಿಗೆ ಕಚ್ಚಿಕೊಂಡೆ. ಹನ್ನೆರಡು ವರ್ಷ ಮನೆಯವರಾಚೆ ಯಾರ ಮುಂದೆಯೂ ಆಡದ ಮಾತು, ಒಂದು ಹಳದಿ ಚೀಟಿಗೆ ಹೊರಗೆ ಬಿತ್ತು. ತಾತ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿದರು. ಮತ್ತೆ ಕಾಲರ್ ಉಜ್ಜತೊಡಗಿದರು.

ಅದಾದ ಮಂಗಳವಾರ ಇವರ ಕಂಪನಿಯ ಮೂಟೆ ಬಂತು. ಬಿಚ್ಚಿದರೆ ಮೇಲೆಯೇ ಇವರ ಅಂಗಿ. ಎಡಜೇಬು ಉಬ್ಬಿಕೊಂಡಿತ್ತು, ಬಾಯಿಗೆ ಗುಂಡಿ ಹಾಕಿತ್ತು. ಓಹೋ, ಈ ಸಲ ಚೀಟಿಯಲ್ಲ, ಪುಸ್ತಕವನ್ನೇ ಬರೆದು ಕೊಟ್ಟಿದ್ದಾಳೆ ಎಂದುಕೊಂಡೆ. ಕೈ ಗುಂಡಿಯವರೆಗೂ ಹೋಯಿತು. ಮೈಯೆಲ್ಲ ಉರಿಯುತ್ತಿತ್ತು. ಅವಳು ಬರೆಯುವುದಂತೆ, ಇವರು ಹೊರುವುದಂತೆ, ನಾನು ಬಿಚ್ಚಿ ಓದಿ ಹೊಟ್ಟೆ ಉರಿಸಿಕೊಳ್ಳುವುದಂತೆ! ಗುಂಡಿ ಬಿಚ್ಚಲಿಲ್ಲ. ಅಂಗಿಯನ್ನು ಹಾಗೇ ಮುದ್ದೆ ಮಾಡಿ ಎರಡನೇ ಮಿಷನ್ನಿಗೆ ತುರುಕಿದೆ. ಉಳಿದವುಗಳ ಜೇಬು ನೋಡಿ ಅದರ ಮೇಲೆ ಒಟ್ಟಿದೆ. ಬಿಸಿನೀರಿಗೆ ತಿರುಗಿಸಿ ಗುಂಡಿ ಒತ್ತಿದೆ.

ಇಪ್ಪತ್ತು ನಿಮಿಷ ಕಳೆದು ಗಾಜಿನ ಬಾಗಿಲಲ್ಲಿ ನೋಡಿದರೆ ನೀಲಿಯ ನಡುವೆ ಬಿಳಿ ಬಿಳಿ ಚೂರು ಹಾರಾಡುತ್ತಿದ್ದವು. ಆಗಲೂ ನನಗೆ ಖುಷಿಯೇ ಆಯಿತು. ನೀರು ಇಳಿದ ಮೇಲೆ ಬಾಗಿಲು ತೆಗೆದೆ. ಮೂವತ್ತು ಜೋಡಿ ಕಡುನೀಲಿ ಬಟ್ಟೆಗೂ ಕಾಗದದ ಹೊಟ್ಟು ಮೆತ್ತಿಕೊಂಡಿತ್ತು. ಇವರ ಅಂಗಿಯ ಗುಂಡಿ ಬಿಚ್ಚಿ ಬೆರಳು ಹಾಕಿದೆ. ಬೆಂದ ಅನ್ನದ ಹಾಗೆ ಒಂದು ಮುದ್ದೆ ಬಂತು. ಬೆಂಚಿನ ಮೇಲೆ ಹರಡಿ, ಉಗುರಿನಿಂದ ಪದರ ಪದರ ಬಿಡಿಸಿದೆ. ದುಂಡು ಅಕ್ಷರವಲ್ಲ. ಎಡಕ್ಕೆ ವಾಲಿದ, ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಕ್ಷರ. ಇವರದು. ಕಾರ್ಬನ್ ಹಾಳೆಯಿಟ್ಟು ಬರೆದ ಪ್ರತಿ. ಮಡಿಕೆಗಳನ್ನು ಎಣಿಸಿದರೆ ನಾಲ್ಕು ಪುಟ. ‘ನಿಮ್ಮ ಬರವಣಿಗೆ ಓದಿದೆ’ ಎಂದು ಅವಳು ಬರೆದಿದ್ದಳಲ್ಲ, ಆ ಬರವಣಿಗೆ. ಪಾರ್ಕಿನ ಬೆಂಚಿನ ಮೇಲೆ ಹೇಳಲು ಹೊರಟದ್ದನ್ನೆಲ್ಲ ಈಗ ಬರೆದು, ನನಗೆಂದು ಒಂದು ಪ್ರತಿ ಎತ್ತಿ, ತಮಗೆ ಗೊತ್ತಿದ್ದ ಒಂದೇ ಟಪಾಲಿಗೆ ಹಾಕಿ, ಬಿದ್ದು ಹೋಗಬಾರದೆಂದು ಗುಂಡಿಯನ್ನೂ ಹಾಕಿದ್ದರು. ನಾಲ್ಕು ಪುಟದಲ್ಲಿ ಓದಲು ಉಳಿದಿದ್ದದ್ದು ಒಂದೇ ಪದ: ‘ಆಮೇಲೆ’.

ಆಮೇಲೆ ಏನು? ಮುದ್ದೆಯನ್ನು ಬೆಳಕಿಗೆ ಹಿಡಿದೆ, ಇಸ್ತ್ರಿ ಪೆಟ್ಟಿಗೆಯ ಕೆಳಗಿಟ್ಟು ಒಣಗಿಸಿದೆ, ಒಂದಕ್ಷರವೂ ಮೂಡಲಿಲ್ಲ. ತಾತ ಒಂದು ಬ್ರಷ್ ತಂದು ಪಕ್ಕಕ್ಕೆ ಕೂತರು. ಇಬ್ಬರೂ ಸೇರಿ ಮೂವತ್ತು ಜೋಡಿಯ ಹೊಟ್ಟು ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಕಣ್ಣಲ್ಲಿ ನೀರು ಬಂದಾಗ ಹೊಟ್ಟು ಬಿತ್ತು ಎಂದೆ.

ಅಂದು ಇವರು ಬೇಗ ಬಂದರು. ಕೈಯಲ್ಲಿ ಗ್ರೀಸಿರಲಿಲ್ಲ, ಆದರೂ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಜೇಬಿನ ಟಪಾಲಿನ ಬಗ್ಗೆ ಬಾಯಿ ಬಿಟ್ಟರು.

“ಓದಿದ್ಯಾ?”

ಏನು ಹೇಳಲಿ? ನಿಮ್ಮ ಮೇಲಿನ ಅನುಮಾನಕ್ಕೆ ನಿಮ್ಮ ಜೀವನವನ್ನೇ ಬಿಸಿನೀರಲ್ಲಿ ಒಗೆದೆ ಎನ್ನಲೇ? ಹತ್ತೊಂಬತ್ತು ವರ್ಷದಲ್ಲಿ ಒಂದು ಜೇಬನ್ನೂ ತಪ್ಪಿಸದವಳು ನಿಮ್ಮ ಜೇಬನ್ನೇ ತಪ್ಪಿಸಿದೆ ಎನ್ನಲೇ? ಇವರ ಮುಖ ನೋಡಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ಹಾಗಿತ್ತು.

“ಓದಿದೆ” ಎಂದೆ.

“ಪೂರ್ತಿ?”

“ಪೂರ್ತಿ.”

“ಏನೂ ಕೇಳಲ್ವಾ?”

“ಏನ್ ಕೇಳೋದು? ಕೈಕಾಲು ತೊಳ್ಕೊಂಡು ಬನ್ನಿ, ಊಟ ಆರ್ತಿದೆ.”

ಇವರು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತರು. ಎರಡೆರಡು ಸಲ ಬಡಿಸಿಕೊಂಡು ಉಂಡರು. ಅಷ್ಟು ಹಗುರಾಗಿ ಇವರು ಉಂಡದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಆ ಕಚೇರಿಗೆ ಹೋದೆ. ಮೂಲಪ್ರತಿ ಅಲ್ಲಿರುತ್ತದೆ, ಹೇಗಾದರೂ ಓದಿಬಿಟ್ಟರೆ ನನ್ನ ಸುಳ್ಳು ನಿಜವಾಗುತ್ತದೆ ಎಂಬ ಲೆಕ್ಕಾಚಾರ. ಚಪ್ಪಲಿ ಅಂಗಡಿಯ ಮೇಲೆ ನಾಲ್ಕನೇ ಮಹಡಿ. ಹಳೇ ಕಟ್ಟಡ, ಆದರೆ ಲಿಫ್ಟು ಒಂದಿಷ್ಟೂ ಸದ್ದಿಲ್ಲದೆ ಬೆಣ್ಣೆಯಂತೆ ಮೇಲೇರಿತು. ಬಾಗಿಲ ಹಳಿಗೆ ಹಚ್ಚಿದ ಗ್ರೀಸಿನ ಬಣ್ಣ ನೋಡಿಯೇ ಯಾರ ಕೈ ಎಂದು ಗೊತ್ತಾಯಿತು. ನಮ್ಮ ಮನೆಯ ಬಚ್ಚಲ ಬಾಗಿಲು ಎರಡು ವರ್ಷದಿಂದ ಕಿರ್ರೆನ್ನುತ್ತಿದೆ.

ಫೈಲುಗಳ ನಡುವೆ ಅದೇ ಹಳದಿ ಚೀಟಿಯ ಮೇಲೆ ಏನೋ ಬರೆಯುತ್ತಾ ಕೂತಿದ್ದವಳಿಗೆ ಇಪ್ಪತ್ತಾರಿರಬಹುದು. ಕನ್ನಡಕ, ಬೆರಳಿಗೆ ಶಾಯಿ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಚೆನ್ನಾಗಿಯೇ ಇದ್ದಳು. ಚೆನ್ನಾಗಿಲ್ಲ ಎಂದು ಬರೆಯಲು ಮನಸ್ಸು ಬರುತ್ತಿದೆ, ಆದರೆ ಇದ್ದಳು. ನಾನು ಯಾರೆಂದು ಹೇಳುತ್ತಲೇ ಎದ್ದು ನಿಂತು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದಳು.

“ಅಕ್ಕಾ! ನೀವೇನಾ ಜೇಬಿನ ಅಕ್ಕ?”

ನಮ್ಮ ಮನೆಯೊಳಗೂ ಬಾಯಿ ಬಿಟ್ಟು ಆಡದ ಗುಟ್ಟು ಇವಳ ನಾಲಿಗೆಯ ಮೇಲಿತ್ತು. ಬಿಳಿ ಹಾಳೆಯ ವಿಷಯವನ್ನೂ ಹೇಳಿರಬಹುದೇ? ಹೇಳಿರಬಹುದು.

“ನೀವು ಓದಿದ್ರಿ ಅಂತ ಬೆಳಿಗ್ಗೆ ಫೋನ್ ಮಾಡಿದ್ರು ಅಕ್ಕ. ಮಾತಾಡ್ತಾ ಮಾತಾಡ್ತಾ ಅತ್ತುಬಿಟ್ರು, ಪಾಪ.”

ಫೋನಿನಲ್ಲಿ ಅತ್ತರಂತೆ. ಇವಳಿಗೆ. ನನ್ನ ಮುಂದೆ ಎರಡು ಸಲ ಬಡಿಸಿಕೊಂಡು ಉಂಡವರು ಇವಳ ಕಿವಿಗೆ ಅತ್ತರಂತೆ. ಚೀಟಿಗಳಲ್ಲಿ ನಾನು ಹುಡುಕಿದ್ದು ಇಲ್ಲಿರಲಿಲ್ಲ, ಅದು ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಇವರ ಮೇಲೆ ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಆದರೂ ಹೊಟ್ಟೆಕಿಚ್ಚು ಇಳಿಯಲಿಲ್ಲ, ಇನ್ನೂ ಆಳಕ್ಕೆ ಹೋಯಿತು. ನನ್ನ ಗಂಡನನ್ನು ಅವಳು ಪೂರ್ತಿ ಬಲ್ಲಳು, ನಾನು ಅರ್ಧ.

“ಇನ್ನೊಂದ್ಸಲ ಓದ್ಬೇಕಿತ್ತು. ಫೈಲ್ ಕೊಡ್ತೀಯಾ?” ಎಂದೆ, ಆದಷ್ಟು ಹಗುರವಾಗಿ.

“ಕೊಡೋ ಹಾಗಿಲ್ಲ ಅಕ್ಕ. ಬರೆದವರು, ಜಡ್ಜು, ನಾನು, ಮೂರೇ ಜನ ನೋಡ್ಬೇಕು. ನಿಮ್ಮ ಹತ್ರ ಪ್ರತಿ ಇದ್ಯಲ್ಲ?”

“ಇದೆ, ಇದೆ” ಎಂದೆ.

ಅವಳು ಒಂದು ಫಾರಂ ತೆಗೆದು ಮುಂದಿಟ್ಟಳು. ಅರ್ಜಿದಾರರ ಜೊತೆ ಒಂದೇ ಮನೆಯಲ್ಲಿರುವವರು ಕೊಡಬೇಕಾದ ಹೇಳಿಕೆ. ‘ಅಪರಾಧದ ಪೂರ್ಣ ವಿವರ ನನಗೆ ತಿಳಿದಿದೆ. ತಿಳಿದೂ ಅವರ ಜೊತೆ ವಾಸಿಸುತ್ತಿದ್ದೇನೆ. ದಾಖಲೆ ಮುಚ್ಚುವುದಕ್ಕೆ ನನ್ನ ಒಪ್ಪಿಗೆಯಿದೆ.’ ಕೆಳಗೆ ಸಹಿಗೆ ಒಂದು ಗೆರೆ.

“ಇದಿಲ್ದೆ ಆಗಲ್ವಾ?”

“ಮನೆಯವರು ಸಹಿ ಹಾಕ್ಲಿಲ್ಲ ಅಂದ್ರೆ ಅರ್ಜಿ ವಜಾ ಅಕ್ಕ. ಮತ್ತೆ ಹಾಕೋಕೆ ಮೂರು ವರ್ಷ ಕಾಯ್ಬೇಕು. ಆಸ್ಪತ್ರೆಯವರು ಅಲ್ಲಿವರೆಗೂ ಕಾಯಲ್ಲ.”

ಕೋರ್ಟಿನಲ್ಲೇ ಹಾಕುತ್ತೇನೆ ಎಂದು ಹೇಳಿ ಫಾರಂ ಮಡಿಸಿಕೊಂಡು ಬಂದೆ. ಬರುವಾಗ ಮೆಟ್ಟಿಲಿಳಿದೆ, ಆ ಲಿಫ್ಟು ನನಗೆ ಬೇಡವಾಗಿತ್ತು.

ವಿಚಾರಣೆಗೆ ಒಂಬತ್ತು ದಿನವಿತ್ತು. ಒಂಬತ್ತು ದಿನವೂ ಆ ಫಾರಂ ನನ್ನ ಚೀಲದಲ್ಲಿತ್ತು. ಸಹಿ ಹಾಕದಿದ್ದರೆ? ಇವರು ಮತ್ತೆ ವ್ಯಾನಿನೊಳಗೆ, ನಾನು ಮತ್ತೆ ದೊಡ್ಡ ಮನಸ್ಸಿನವಳು, ಅಕ್ಕನ ಮನೆಯ ಟೀ ಮತ್ತೆ ರುಚಿ. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವಳೆಂದುಕೊಳ್ಳುತ್ತೀರಿ. ಆಗಲಿಲ್ಲ. ನಿಜ ಹೇಳಿಬಿಡೋಣವೆಂದೂ ಎರಡು ಸಲ ಬಾಯಿ ತೆರೆದೆ. “ರೀ, ಆ ಕಾಗದ...” ಎನ್ನುತ್ತಲೇ ಇವರು ತಡೆದರು. “ಬೇಡ ಬಿಡು. ನೀನು ಓದಿದ್ಯಲ್ಲ, ಅಷ್ಟು ಸಾಕು. ಇನ್ನೊಂದ್ಸಲ ಬಾಯಲ್ಲಿ ಹೇಳೋಕೆ ನನ್ ಕೈಲಾಗಲ್ಲ.” ಹಾಗೆಂದು ಎದ್ದುಹೋಗಿ ಬಚ್ಚಲ ಬಾಗಿಲಿಗೆ ಎಣ್ಣೆ ಬಿಟ್ಟರು. ಹೇಳದೆಯೇ!

ಕೋರ್ಟೆಂದರೆ ದೊಡ್ಡ ಹಜಾರವೆಂದುಕೊಂಡಿದ್ದೆ. ಆರು ಕುರ್ಚಿಯ ಸಣ್ಣ ಕೋಣೆ. ನ್ಯಾಯಾಧೀಶರು ಹೆಂಗಸು, ಐವತ್ತರ ಆಚೀಚೆ, ನೆಗಡಿಯಿಂದ ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಗುಮಾಸ್ತ, ಈಚೆ ಇವರು, ಫೈಲಿನ ಹುಡುಗಿ, ನಾನು. ನ್ಯಾಯಾಧೀಶರು ಇವರ ನಾಲ್ಕು ಪುಟ ತೆಗೆದು ಓದತೊಡಗಿದರು. ನಾನು ಕೂತಲ್ಲಿಂದ ಹಾಳೆಯ ಬೆನ್ನು ಕಾಣುತ್ತಿತ್ತು. ಒತ್ತಿ ಬರೆದದ್ದರಿಂದ ಅಕ್ಷರಗಳು ಹಿಂದಕ್ಕೆ ಉಬ್ಬಿದ್ದವು. ಮೂರು ಮಾರು ದೂರ. ಎರಡನೇ ಪುಟದಲ್ಲಿ ಅವರ ಕಣ್ಣು ನಿಂತುಬಿಟ್ಟಿತು. ತಲೆಯೆತ್ತಿ ಇವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು, ಬಹಳ ಮರ್ಯಾದೆಯಿಂದ. ಮೂಗು ಸೋರುವ ಆ ಹೆಂಗಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಐದು ನಿಮಿಷದಲ್ಲಿ ಅವರು ನನ್ನ ಗಂಡನನ್ನು ನನಗಿಂತ ಹೆಚ್ಚು ತಿಳಿದುಕೊಂಡಿದ್ದರು.

“ನೋಡಮ್ಮಾ” ಎಂದರು ಕರವಸ್ತ್ರ ಮಡಿಸುತ್ತಾ, “ಸಾಮಾನ್ಯವಾಗಿ ನಾನು ಮನೆಯವರನ್ನ ಏನೂ ಕೇಳಲ್ಲ, ಫಾರಂ ನೋಡಿ ಬಿಡ್ತೀನಿ. ಆದರೆ ಇದನ್ನ ಓದಿದ ಮೇಲೆ ಕೇಳ್ಬೇಕು ಅನ್ನಿಸ್ತಿದೆ. ಇದರಲ್ಲಿರೋದೆಲ್ಲ ಗೊತ್ತಿದ್ದೇ ನೀವು ಇವರ ಜೊತೆ ಇದ್ದೀರಾ?”

ಗೊತ್ತಿಲ್ಲ ಎಂದುಬಿಟ್ಟರೆ ಬಹುಶಃ ಆ ಪುಟಗಳನ್ನು ನನ್ನ ಕೈಗೆ ಕೊಟ್ಟು ಓದಿ ಎನ್ನುತ್ತಿದ್ದರು. ನನಗೆ ಅದೇ ಬೇಕಿತ್ತು. ಆದರೆ ಹಾಗೆಂದ ಕ್ಷಣವೇ ಇವರಿಗೆ ತಿಳಿಯುತ್ತಿತ್ತು, ಅಂದು ಎರಡು ಸಲ ಬಡಿಸಿಕೊಂಡು ಉಂಡದ್ದು ನನ್ನ ಸುಳ್ಳನ್ನು ಎಂದು. ಇವರ ಕಡೆ ನೋಡಿದೆ. ಇವರು ನನ್ನನ್ನು ನೋಡುತ್ತಿರಲಿಲ್ಲ, ತಮ್ಮ ಬೂಟು ನೋಡುತ್ತಿದ್ದರು. ಎಷ್ಟೋ ವರ್ಷ ಹೊರಗೆ ಕೂತೇ ಅಭ್ಯಾಸವಾದವರು ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಹಾಗೆ ಕೂತಿದ್ದರು. ನಾಳೆ ಇವರು ಆಸ್ಪತ್ರೆಯ ಒಳಗೆ ಹೋಗುವುದೂ ಬಿಡುವುದೂ ನನ್ನ ಒಂದು ಮಾತಿನ ಮೇಲಿತ್ತು.

“ಹೌದು” ಎಂದೆ. “ಎಲ್ಲಾ ಗೊತ್ತು.”

ಫಾರಂ ತೆಗೆದು ಸಹಿ ಹಾಕಿದೆ. ಇವರ ಅಪರಾಧ ಮುಚ್ಚುವ ಕಾಗದದ ಮೇಲೆ, ನ್ಯಾಯಾಧೀಶರ ಕಣ್ಣೆದುರೇ, ನಾನು ನನ್ನದೊಂದು ಅಪರಾಧ ಮಾಡಿದೆ. ಗುಮಾಸ್ತ ನಾಲ್ಕು ಪುಟವನ್ನೂ ಹಳೇ ಫೈಲನ್ನೂ ಕಂದು ಲಕೋಟೆಗೆ ಸೇರಿಸಿ, ಬಾಯಿಗೆ ಅಂಟುಪಟ್ಟಿ ಎಳೆದು, ಅದರ ಮೇಲೆ ಎರಡು ಸಲ ಮೊಹರು ಗುದ್ದಿದ. ಅಷ್ಟೇ. ಒಂದು ಅಂಗಿಗೆ ಗುಂಡಿ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ.

ಹೊರಗೆ ಬಂದ ಮೇಲೆ ಫೈಲಿನ ಹುಡುಗಿ ಇವರ ಕೈ ಕುಲುಕಿ, ನನ್ನನ್ನು ತಬ್ಬಿಕೊಂಡಳು. ನಾನು ಅವಳ ಕಿವಿಯಲ್ಲಿ ಕೇಳಿದೆ, “ಯಾವತ್ತಾದ್ರೂ ನಂಗೇನಾದ್ರೂ ಕೇಳ್ಬೇಕು ಅನ್ನಿಸಿದ್ರೆ ನಿನ್ನ ಹತ್ರ ಬರ್ಲಾ?”

ಅವಳು ನಕ್ಕಳು. “ಬನ್ನಿ ಅಕ್ಕ, ಟೀ ಕುಡಿಯೋಕೆ ಬನ್ನಿ. ಆದ್ರೆ ಆ ಫೈಲ್ ಬಗ್ಗೆ ಇನ್ಮೇಲೆ ನೀವು ಕೇಳಿದ್ರೂ ನಾನು ಅಂಥದ್ದು ಇಲ್ಲವೇ ಇಲ್ಲ ಅನ್ಬೇಕು. ಕಾನೂನು.” ಮುಂದಿನ ಅರ್ಜಿದಾರರು ಕಾಯುತ್ತಿದ್ದಾರೆಂದು ಬಿರಬಿರನೆ ಒಳಗೆ ಹೋದಳು.

ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಇವರು ಬಹಳ ಹೊತ್ತು ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ಬಾಯಿ ಬಿಟ್ಟು ಮಾತಾಡಿದರು, ಬಾಯಿಯಿಂದಲೇ.

“ಆ ಕಾಗದದಲ್ಲಿ ಅವಳ ವಿಷಯ ಓದಿದ ಮೇಲೆ ನೀನು ಇವತ್ತು ಬರಲ್ಲ ಅಂದ್ಕೊಂಡಿದ್ದೆ.”

ನಾನು ರಸ್ತೆ ನೋಡುತ್ತಾ ಕೂತೆ.

“ಅವತ್ತು ಗೋದಾಮಲ್ಲಿ ಆಗಿದ್ದು ಬಿಡು, ಅದು ವಯಸ್ಸಿನ ತಪ್ಪು. ಈಗಲೂ ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ ಅಂತ ಬರೆದಿದ್ನಲ್ಲ, ಅದಕ್ಕೆ ನೀನು ಕೂಗಾಡ್ತೀಯ ಅಂತಿದ್ದೆ. ನಿನ್ನ ಸ್ವಭಾವ ನಂಗೆ ಗೊತ್ತಿಲ್ವಾ? ಒಂದು ಮಾತೂ ಆಡ್ಲಿಲ್ಲ ನೀನು.”

ಯಾರು ಅವಳು? ಮುದುಕಿಯೋ, ಹುಡುಗಿಯೋ, ನನ್ನ ವಯಸ್ಸಿನವಳೋ? ಆ ಗೋದಾಮಿನಲ್ಲಿ ಅವಳಿಗೆ ಏನಾಗಿತ್ತು? ಇವರನ್ನು ಕಂಡರೆ ಬೈಯುತ್ತಾಳೋ, ಬಾಗಿಲಲ್ಲಿ ಕಾಯುತ್ತಿರುತ್ತಾಳೋ? ತಿಂಗಳಿಗೊಂದು ಸಲವೆಂದರೆ ಹನ್ನೆರಡು ವರ್ಷದಲ್ಲಿ ಎಷ್ಟು ಸಲ? ಅಷ್ಟು ಸಲವೂ ಆ ಅಂಗಿಯನ್ನು ಒಗೆದವಳು ನಾನೇ. ಒಂದೂ ಕೇಳುವ ಹಾಗಿರಲಿಲ್ಲ. ಪೂರ್ತಿ ಓದಿದವಳು ಕೇಳುವುದೇನು?

“ನೀನು ಬೇಡ ಅಂದ್ರೆ ನಿಲ್ಲಿಸ್ತೀನಿ” ಎಂದರು ಇವರು. ಈಗ ನನ್ನನ್ನೇ ನೋಡುತ್ತಿದ್ದರು, ಕಣ್ಣಲ್ಲಿ ಅಷ್ಟೊಂದು ನಂಬಿಕೆ. “ಹೇಳು, ಇನ್ಮೇಲೂ ಹೋಗ್ಲಾ?”

ನಮ್ಮ ಬಸ್ಸು ಬಂತು. ನಾನು ಎದ್ದು ಚೀಲ ಹೆಗಲಿಗೇರಿಸಿಕೊಂಡೆ.

“ಹೋಗಿ ಬನ್ನಿ” ಎಂದೆ. “ಬರಿಗೈಲಿ ಹೋಗ್ಬೇಡಿ.”